ಹಾಲಿನ ಪ್ರೋತ್ಸಾಹಧನ: ಲೀಟರ್ ಜೊತೆ ಫ್ಯಾಟನ್ನೂ ಲೆಕ್ಕ ಹಿಡಿಯಿರಿ

ಮಾನ್ಯ ಸಂಪಾದಕರೇ,

ಸಹಕಾರಿ ಡೇರಿಗೆ ಹಾಲು ಹಾಕುವವರಿಗೆ ರಾಜ್ಯ ಸರ್ಕಾರ ಕೊಡುವ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂ. ಇತ್ತು. 2013ರಲ್ಲಿ 4, 2016ರಲ್ಲಿ 5 ರೂ. ಆಯಿತು. ಇನ್ನಷ್ಟು ಏರಿಸಬೇಕೆಂಬ ಬೇಡಿಕೆ ಇದೆ, ಏರಿಸಲಿ. ಆದರೆ ಲೆಕ್ಕ ಹಾಕುವ ರೀತಿ ಬದಲಾಗದಿದ್ದರೆ ಧಾರವಾಡ, ಗದಗ ಭಾಗದಲ್ಲಿ ಎಮ್ಮೆ ಕಟ್ಟಿದವರ ಕೈಗೆ ಬರುವುದು ಅಷ್ಟಕ್ಕಷ್ಟೇ.

ದಿನಕ್ಕೆ 12 ಲೀಟರ್ ಕರೆಯುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಆಕಳ ಹಾಲಿನ ಫ್ಯಾಟ್, ಅಂದರೆ ಕೊಬ್ಬಿನಂಶ, ಶೇ 3.5 ಎಂದು ಹಿಡಿಯೋಣ. ಪ್ರೋತ್ಸಾಹಧನ 60 ರೂ., ಹಾಲಿನಲ್ಲಿರುವ ಕೊಬ್ಬು ಸುಮಾರು 420 ಗ್ರಾಂ. ಜೋಳದ ಕಣಿಕಿ, ಕಡಲೆ ಹೊಟ್ಟು ತಿಂದು 4 ಲೀಟರ್ ಕೊಡುವ ಧಾರವಾಡಿ ಎಮ್ಮೆಯ ಹಾಲಿಗೆ ಫ್ಯಾಟ್ 7 ಬಂದರೆ ಕೊಬ್ಬು 280 ಗ್ರಾಂ, ಪ್ರೋತ್ಸಾಹಧನ 20 ರೂ. ಕೊಬ್ಬು ಆಕಳದ ಮೂರರಲ್ಲಿ ಎರಡು ಪಾಲು, ದುಡ್ಡು ಮಾತ್ರ ಮೂರರಲ್ಲಿ ಒಂದು ಪಾಲು. ಹೀಗಾಗಿಯೇ ಎಮ್ಮೆ ಹಾಲು ಡೇರಿ ಬಿಟ್ಟು ದಿನವೂ ಹಾಲು ಕೊಳ್ಳುವ ವರ್ತನೆ ಮನೆಗಳಿಗೆ, ಪೇಡೆ ಮಾಡುವವರಿಗೆ ಹೋಗುತ್ತದೆ. ಅಲ್ಲಿಗೆ ಹೋದ ಹಾಲಿಗೆ ಸರ್ಕಾರದ ಒಂದು ಪೈಸೆಯೂ ಇಲ್ಲ.

ಆಕಳ ಹಾಲಿನ 5 ರೂ. ಕಡಿಮೆ ಮಾಡುವುದು ಬೇಡ. 3.5ರ ಮೇಲಿನ ಪ್ರತಿ 0.1 ಫ್ಯಾಟ್‌ಗೆ 14 ಪೈಸೆ ಸೇರಿಸಿದರೆ 7 ಫ್ಯಾಟ್ ಹಾಲಿಗೆ ಲೀಟರಿಗೆ 9.90 ರೂ. ಆಗುತ್ತದೆ. ಹೊಸ ಯಂತ್ರ ಬೇಕಿಲ್ಲ. ಹಾಲಿನ ದರವನ್ನೇ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ಕಟ್ಟುವುದರಿಂದ ಫ್ಯಾಟ್ ಅಂಕಿ ಹಾಲು ಉತ್ಪಾದಕರ ಸಂಘದ ಚೀಟಿಯಲ್ಲಿ ಈಗಾಗಲೇ ಇದೆ.

ಪರೀಕ್ಷೆ ಮಾತ್ರ ಬಿಗಿಯಾಗಬೇಕು. ಎಮ್ಮೆ ಹಾಲನ್ನು ಸ್ವಲ್ಪ ಹೊತ್ತು ಇಟ್ಟರೂ ಕೆನೆ ಮೇಲೇರುತ್ತದೆ. ತಳದವರೆಗೆ ಕಲಕದೆ ಮೇಲಿನಿಂದ ಸ್ಯಾಂಪಲ್ ತೆಗೆದರೆ ಫ್ಯಾಟ್ ಸುಳ್ಳೇ ಹೆಚ್ಚು ಬರುತ್ತದೆ, ತಳದಿಂದ ತೆಗೆದರೆ ಹಾಕಿದವರಿಗೆ ನಷ್ಟ. ಫ್ಯಾಟ್ ಅಳೆಯುವ ಅಲ್ಟ್ರಾಸಾನಿಕ್ ಅನಲೈಸರ್ ಯಂತ್ರದಲ್ಲಿ ಆಕಳು, ಎಮ್ಮೆಗೆ ಬೇರೆ ಬೇರೆ ಸೆಟ್ಟಿಂಗ್ ಇರುತ್ತದೆ. ಬೆಳಗಿನ ಗದ್ದಲದಲ್ಲಿ ಅದನ್ನು ಬದಲಿಸದೆ ಎಮ್ಮೆ ಹಾಲು ಹಾಕಿದರೆ ಅಂಕಿ ತಪ್ಪುತ್ತದೆ. ಪ್ರತಿ ಪಾಳಿಯ ನಂತರ ತೊಳೆಯದ ಯಂತ್ರದ ನಳಿಕೆಯಲ್ಲಿ ಕೊಬ್ಬು ಕಟ್ಟಿದರೂ ಅದೇ ಪಾಡು. ಅನುಮಾನ ಬಂದಾಗ ಆಮ್ಲ ಬೆರೆಸಿ ಕೊಬ್ಬು ಬೇರ್ಪಡಿಸಿ ಅಳೆಯುವ ಗರ್ಬರ್ ವಿಧಾನದಲ್ಲಿ ಮರುಪರೀಕ್ಷೆ ಕೇಳುವ ಹಕ್ಕು ಸದಸ್ಯರಿಗಿರಬೇಕು.

ಇನ್ನು ಹಣ ಜಮೆಯಾಗದ ದೂರು. ಹಾಲಿನ ಬಿಲ್ ಬರುವ ಖಾತೆಗೇ ಪ್ರೋತ್ಸಾಹಧನವೂ ಬರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಇದು ಆಧಾರ್ ಮೂಲಕ ಬರುವ ಹಣ. ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್‌ನಲ್ಲಿ, ಅಂದರೆ ಆಧಾರ್‌ಗೆ ಯಾವ ಬ್ಯಾಂಕ್ ಎಂಬ ದಾಖಲೆಯಲ್ಲಿ, ಕೊನೆಯದಾಗಿ ಜೋಡಿಸಿದ ಬ್ಯಾಂಕ್ ಖಾತೆಗೆ ಹೋಗುತ್ತದೆ. ಬೇರೆ ಯೋಜನೆಗೆಂದು ತೆರೆದು ಮರೆತ ಖಾತೆಯಲ್ಲಿ ಅದು ಬಿದ್ದಿರಬಹುದು. ಸರ್ಕಾರದ ನೇರ ಹಣ ವರ್ಗಾವಣೆಯ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ತಾರೀಖು, ಯಾವ ಬ್ಯಾಂಕ್ ಎಂದು ನೋಡಬಹುದು. ಅಲ್ಲೂ ಕಾಣದಿದ್ದರೆ ಸಂಘದ ಪುಸ್ತಕ, ಆಧಾರ್, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಹೋಲಿಸಿ ನೋಡಬೇಕು. ಗಂಡನ ಹೆಸರಿನಲ್ಲಿ ಸದಸ್ಯತ್ವ, ಹೆಂಡತಿಯ ಹೆಸರಿನಲ್ಲಿ ಖಾತೆ ಇರುವ ಮನೆಗಳಲ್ಲಿ ಈ ತೊಡಕು ಹೆಚ್ಚು.

ಯಾರ ಹಣ, ಯಾವ ತಿಂಗಳದ್ದು, ಯಾವ ಕಾರಣಕ್ಕೆ ನಿಂತಿದೆ ಎಂಬ ಪಟ್ಟಿಯನ್ನು ಪ್ರತಿ ಸಂಘವೂ ತಿಂಗಳಿಗೊಮ್ಮೆ ಫಲಕಕ್ಕೆ ಹಚ್ಚುವಂತೆ ಪಶುಸಂಗೋಪನಾ ಇಲಾಖೆ ಆದೇಶಿಸಬೇಕು.

– ಎಮ್ಮೆ ಸಾಕಣೆದಾರರು, ಧಾರವಾಡ ತಾಲ್ಲೂಕು