ಶಂಖದ ಹುಳು: ಭಾನುವಾರ ಸಂಜೆ ಎಲ್ಲರೂ ಒಟ್ಟಿಗೆ ಹಿಡಿಯೋಣ

ಎಲ್ಲರಿಗೂ ನಮಸ್ಕಾರ.

ಮಳೆ ಹಿಡಿದಿದೆ, ಕಾಫಿ, ಬಾಳೆ ಎರಡರ ಮೇಲೂ ಆಫ್ರಿಕನ್ ಶಂಖದ ಹುಳು (ಹೊರಗಿನಿಂದ ಬಂದ ದೊಡ್ಡ ಬಸವನಹುಳು) ಮತ್ತೆ ಹತ್ತುತ್ತಿದೆ. ಈ ಭಾನುವಾರ ಸಂಜೆ 6.30ಕ್ಕೆ ಹೊಳೆ ಬದಿಯ ತೋಟದವರೆಲ್ಲ ಒಂದೇ ಹೊತ್ತಿಗೆ ಹಿಡಿಯಬೇಕು. ಒಂದು ತೋಟ ಬಿಟ್ಟರೂ ಪ್ರಯೋಜನವಿಲ್ಲ: ಗಂಡು, ಹೆಣ್ಣು ಎರಡೂ ಒಂದೇ ಹುಳುವಿನಲ್ಲಿ, ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು.

ಬರಿಗೈಯಲ್ಲಿ ಮುಟ್ಟಲೇಬೇಡಿ, ಮಕ್ಕಳನ್ನು ಕರೆತರಬೇಡಿ. ಮಿದುಳಿಗೆ ತೊಂದರೆ ಕೊಡುವ ಪರೋಪಜೀವಿ ಇದರಲ್ಲಿರಬಹುದು. ಗ್ಲೌಸ್, ಟಾರ್ಚ್, ಬಕೆಟ್ ತನ್ನಿ. ಹಿಂದಿನ ದಿನವೇ ಒದ್ದೆ ಗೋಣಿಚೀಲದಡಿ ಪಪ್ಪಾಯಿ ಅಥವಾ ಕೋಸಿನ ಎಲೆ ಇಟ್ಟರೆ ಹುಳು ತಾನಾಗಿ ಬಂದು ಸೇರುತ್ತದೆ. ಹಿಡಿದದ್ದನ್ನು ದಟ್ಟ ಉಪ್ಪುನೀರಿಗೆ ಹಾಕಿ, ಸತ್ತ ಮೇಲೆ ಗುಂಡಿಯಲ್ಲಿ ಸುಣ್ಣ ಸುರಿದು ಮುಚ್ಚಿ. ಗಿಡದ ಬುಡಕ್ಕೆ ಉಪ್ಪು ಎರಚಬೇಡಿ. ಬೇಲಿಯಾಚೆ ಎಸೆಯುವ ಅಭ್ಯಾಸವನ್ನೂ ದಯವಿಟ್ಟು ಬಿಡಿ (ಯಾರೆಂದು ಕೇಳುವುದಿಲ್ಲ!).

ನಮ್ಮ ಕಾಡಿನ ಬಸವನಹುಳುಗಳನ್ನು ಮಾತ್ರ ಕೊಲ್ಲಬೇಡಿ, ಅವು ತರಗೆಲೆ ತಿಂದು ಮಣ್ಣಿಗೆ ಸೇರಿಸುವಂಥವು. ಉದ್ದನೆಯ, ಮೊನಚು ತುದಿಯ, ಕಂದು ಪಟ್ಟೆಯ ಚಿಪ್ಪಿನದು ಹೊರಗಿನದು. ಅನುಮಾನವಿದ್ದರೆ ಫೋಟೋ ಹಾಕಿ.

ನರ್ಸರಿ ಗಿಡ, ಗೊಬ್ಬರ, ಮಣ್ಣಿನ ಲೋಡಿನ ಜೊತೆಗೇ ಇದು ಊರಿಂದೂರಿಗೆ ಹೋಗುವುದು. ಇಳಿಸುವ ಮುಂಚೆ ನೋಡಿಕೊಳ್ಳಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು, ಎಷ್ಟು ಜನ ಎಂದು ಇಲ್ಲೇ ತಿಳಿಸಿ. ಉಪ್ಪು, ಸುಣ್ಣ ಒಟ್ಟಿಗೆ ತರಿಸಬೇಕು.