ಬೆಳಗಿನ ರೈಲಿನ ಆ ಹಿರಿಯರಿಗೆ

ತುಮಕೂರಿನಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಮೂರು ತಿಂಗಳು ನನಗೆ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟವರೇ, ನಿಮ್ಮ ಹೆಸರನ್ನೂ ನಾನು ಕೇಳಲಿಲ್ಲ. ಇಬ್ಬರು ಮಕ್ಕಳಿಗೆ ಡಬ್ಬಿ ಕಟ್ಟಿ ಓಡಿಬಂದು, ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಮೂರು ವರ್ಷದ ಎಲ್‌ಎಲ್‌ಬಿ ಪ್ರವೇಶ ಪರೀಕ್ಷೆಗೆ ಓದುತ್ತಿದ್ದೆ. ಪುಸ್ತಕ ಹಿಡಿದು ತೂಕಡಿಸುತ್ತಿದ್ದೆ ಎಂದರೆ ಹೆಚ್ಚು ನಿಜ. ನೀವು ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಯಶವಂತಪುರ ಬರುವವರೆಗೆ ನನ್ನಿಂದ ಪ್ರಶ್ನೆಗಳನ್ನು ಬಿಡಿಸುತ್ತಿದ್ದಿರಿ. “ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದಮ್ಮ, ಗೊತ್ತಿಲ್ಲದ್ದನ್ನು ಬಿಡು” ಎಂದು ಗದರಿದ್ದೂ ಉಂಟು. ಪ್ರಬಂಧಕ್ಕೆಂದು ಸಂಪಾದಕೀಯಗಳನ್ನು ಕತ್ತರಿಸಿ ತಂದಿರಿ; ಒಂದರ ಹಿಂದೆ ನಿಮ್ಮ ಮನೆಯ ದಿನಸಿ ಚೀಟಿ ಅಂಟಿಕೊಂಡಿತ್ತು. ತೊಗರಿಬೇಳೆ ಎರಡು ಕೆಜಿ. ಅದು ಇನ್ನೂ ನನ್ನ ಬಳಿಯೇ ಇದೆ. ಪರೀಕ್ಷೆ ಬರೆದಾಯಿತು, ನಾಲ್ಕು ಪ್ರಶ್ನೆಗಳನ್ನು ಧೈರ್ಯವಾಗಿ ಬಿಟ್ಟೆ. ಧನ್ಯವಾದಗಳು, ಸರ್.