ಡ್ಯಾಶ್‌ಕ್ಯಾಮ್ ತಂತಿ ಯಾವ ದಾರಿಯಲ್ಲಿ ಹೋಗಿದೆ, ನೋಡಿದ್ದೀರಾ?

ಮಾನ್ಯ ಸಂಪಾದಕರೇ,

31 ವರ್ಷ ಲೈನ್‌ಮ್ಯಾನ್ ಆಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಮಗಳು ಮಂಗಳೂರಿನಲ್ಲಿರುವುದರಿಂದ ತಿಂಗಳಿಗೆ ಎರಡು ಸಲವಾದರೂ ಶಿರಾಡಿ ಘಾಟಿ ಇಳಿದು ಹತ್ತುತ್ತೇನೆ. ಹೋದ ಮಳೆಗಾಲದಲ್ಲಿ ದೋಣಿಗಾಲ್ ಹತ್ತಿರ ಒಂದು ಪಿಕಪ್ ಎಡಗಡೆಯಿಂದ ನುಗ್ಗಿ ನನ್ನ ಕಾರಿನ ಕನ್ನಡಿ ಒಡೆದು ಹಾಕಿತು. "ನೀವೇ ಎಡಕ್ಕೆ ಎಳೆದ್ರಿ ಯಜಮಾನ್ರೇ" ಎಂದು ಚಾಲಕ ಹಠ ಹಿಡಿದ. ನೋಡಿದವರು ಯಾರೂ ಇರಲಿಲ್ಲ. ಮಳೆಯಲ್ಲಿ ಅರ್ಧ ಗಂಟೆ ವಾದ ಮಾಡಿ, ಕೊನೆಗೆ ಕನ್ನಡಿಯ ಖರ್ಚು ನನ್ನ ಮೇಲೇ ಬಿತ್ತು.

ಆಮೇಲೆ ಡ್ಯಾಶ್‌ಕ್ಯಾಮ್, ಅಂದರೆ ಮುಂದಿನ ಗಾಜಿಗೆ ಅಂಟಿಸಿ ರಸ್ತೆಯನ್ನು ರೆಕಾರ್ಡ್ ಮಾಡುವ ಕ್ಯಾಮೆರಾ ಹಾಕಿಸಿದೆ. ಅಂಗಡಿಯವರು ಇಪ್ಪತ್ತೇ ನಿಮಿಷದಲ್ಲಿ ಕೆಲಸ ಮುಗಿಸಿದರು. ಒಂದಿಂಚು ತಂತಿಯೂ ಹೊರಗೆ ಕಾಣುತ್ತಿರಲಿಲ್ಲ. ಆ ಕಾಣದ ತಂತಿಯ ಬಗ್ಗೆಯೇ ಈ ಪತ್ರ.

ಮನೆಗೆ ಬಂದ ಮೇಲೂ ಮನಸ್ಸು ಕೇಳಲಿಲ್ಲ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾದು, ಮುಂದಿನ ಗಾಜಿನ ಪಕ್ಕದ ಕಂಬದ ಕವರ್ ಸರಿಸಿದೆ. ಕಿಟಕಿಗೆ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಆ ಕವರ್ ಮೇಲೆ ಸಣ್ಣದಾಗಿ 'ಏರ್‌ಬ್ಯಾಗ್' ಅಂತ ಅಚ್ಚು ಇರುತ್ತದೆ. ಒಳಗೆ, ಮಡಚಿ ಕಟ್ಟಿದ ಛತ್ರಿಯ ಹಾಗೆ, ಸುತ್ತಿಟ್ಟ ಬಟ್ಟೆ. ಅದು ಬಾಗಿಲುಗಳ ಮೇಲೆ ಚಾವಣಿಯ ಅಂಚಿನಲ್ಲಿ ಹಿಂದಿನ ಸೀಟಿನವರೆಗೂ ಹೋಗುತ್ತದೆ. ಕ್ಯಾಮೆರಾ ತಂತಿ ಸರಿಯಾಗಿ ಅದರ ಮುಂದೆಯೇ ಹಾದುಹೋಗಿತ್ತು. ಸಾಲದ್ದಕ್ಕೆ, ಅಲುಗಾಡದಿರಲಿ ಅಂತ ಪ್ಲಾಸ್ಟಿಕ್ ಟೈ ಹಾಕಿ ತಂತಿಯನ್ನೂ ಏರ್‌ಬ್ಯಾಗನ್ನೂ ಒಟ್ಟಿಗೆ ಬಿಗಿದಿದ್ದರು. ಎದೆ ಝಲ್ ಎಂದಿತು. ಆ ಕಡೆ ಸೀಟಿನಲ್ಲಿ ಕೂರುವುದು ನನ್ನ ಹೆಂಡತಿ.

ಗುದ್ದಿದಾಗ ಈ ಚೀಲ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಚ್ಚಿಕೊಂಡು ತಲೆಗೂ ಗಾಜಿಗೂ ನಡುವೆ ಇಳಿಯಬೇಕು. ಮುಂದೆ ತಂತಿ ಅಡ್ಡ ಇದ್ದರೆ ಚೀಲ ಸರಿಯಾಗಿ ಬಿಚ್ಚಿಕೊಳ್ಳದೆ ಹೋಗಬಹುದು, ತಂತಿಯೇ ಚಿಮ್ಮಿ ಮುಖಕ್ಕೂ ಹೊಡೆಯಬಹುದು. ಅದಕ್ಕೇ ತಂತಿ ಏರ್‌ಬ್ಯಾಗಿನ ಹಿಂದೆ ಹೋಗಬೇಕು, ಕಂಪನಿಯವರೇ ಎಳೆದಿರುವ ವೈರಿಂಗ್ ಜೊತೆ ಸೇರಿ ಕೆಳಗಿಳಿಯಬೇಕು. ಇದಕ್ಕೆ ಹತ್ತು ನಿಮಿಷ ಜಾಸ್ತಿ ಬೇಕು, ಅಷ್ಟೇ. ಅಭ್ಯಾಸ ಇಲ್ಲದವರು ಆ ಕವರ್ ಮುಟ್ಟಲೇಬೇಡಿ. ಕೆಲವು ಕಾರುಗಳಲ್ಲಿ ಅದನ್ನು ಒಮ್ಮೆ ತೆಗೆದರೆ ಕ್ಲಿಪ್ ಕೂಡ ಹೊಸದೇ ಹಾಕಬೇಕು.

ಕರೆಂಟ್ ಎಳೆದುಕೊಂಡಿದ್ದ ರೀತಿ ಇನ್ನೂ ಬೇಜಾರು ತರಿಸಿತು. ಮ್ಯೂಸಿಕ್ ಸಿಸ್ಟಮ್ ಹಿಂದಿನ ಒಂದು ತಂತಿಯ ಸಿಪ್ಪೆ ಸುಲಿದು, ತಿರುಚಿ, ಮೇಲೆ ಟೇಪ್ ಸುತ್ತಿದ್ದರು. ಸಡಿಲ ಜಾಯಿಂಟ್ ಬಿಸಿಯಾಗಿ ಸುಟ್ಟಿದ್ದನ್ನು ಕೆಲಸದಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಫ್ಯೂಸ್ ಜಾಗದಿಂದಲೇ ಕರೆಂಟ್ ತೆಗೆದುಕೊಳ್ಳುವ ಫ್ಯೂಸ್ ಟ್ಯಾಪ್ ಅಂತ ಸಿಗುತ್ತದೆ, ಅದನ್ನು ಫ್ಯೂಸ್ ಬಾಕ್ಸಿನಲ್ಲಿ ಸಿಕ್ಕಿಸಿದರೆ ಯಾವ ತಂತಿಯನ್ನೂ ಕತ್ತರಿಸಬೇಕಾಗಿಲ್ಲ. ಏರ್‌ಬ್ಯಾಗ್, ಬ್ರೇಕ್ ಇವುಗಳ ಫ್ಯೂಸ್ ಮಾತ್ರ ಮುಟ್ಟಬಾರದು. ಕಾರು ನಿಂತಾಗಲೂ ರೆಕಾರ್ಡ್ ಆಗಬೇಕೆನ್ನುವವರು ಕಾರಿನ ಬ್ಯಾಟರಿಯ ವೋಲ್ಟೇಜ್ ಇಳಿದರೆ ತಾನೇ ಆಫ್ ಆಗುವ ಹಾರ್ಡ್‌ವೈರ್ ಕಿಟ್ ತಗೊಳ್ಳಿ, ಇಲ್ಲದಿದ್ದರೆ ಬೆಳಿಗ್ಗೆ ಕಾರು ಸ್ಟಾರ್ಟ್ ಆಗದೆ ಹೋಗಬಹುದು. ನನ್ನ ಕಾರು ರಾತ್ರಿ ಶೆಡ್ಡಿನಲ್ಲಿರುತ್ತದೆ, ನನಗೆ ಅದು ಬೇಕಾಗಲಿಲ್ಲ.

ಕೊಳ್ಳುವವರಿಗೂ ಒಂದು ಮಾತು. ಒಳಗೆ ಲಿಥಿಯಂ ಬ್ಯಾಟರಿ ಇರುವ ಕ್ಯಾಮೆರಾಕ್ಕಿಂತ ಕೆಪಾಸಿಟರ್ (ಸ್ವಲ್ಪ ಹೊತ್ತು ಕರೆಂಟ್ ಹಿಡಿದಿಡುವ ಭಾಗ) ಇರುವುದು ನಮ್ಮ ಬಿಸಿಲಿಗೆ ಒಳ್ಳೆಯದು. ಮಂಗಳೂರಿನಲ್ಲಿ ಮಧ್ಯಾಹ್ನ ಗಾಜು ಮುಚ್ಚಿ ನಿಲ್ಲಿಸಿದ ಕಾರು ಒಲೆಯಾಗುತ್ತದೆ, ಬ್ಯಾಟರಿ ಊದಿಕೊಳ್ಳಬಹುದು. ಸದಾ ಬರೆದು ಅಳಿಸುವುದಕ್ಕೆಂದೇ ಮಾಡಿದ ಹೈ ಎಂಡ್ಯೂರೆನ್ಸ್ ಮೆಮೊರಿ ಕಾರ್ಡ್ ಹಾಕಿ, ಮೊಬೈಲಿನ ಹಳೇ ಕಾರ್ಡ್ ಬೇಡ. ಕ್ಯಾಮೆರಾವನ್ನು ಒಳಗಿನ ಕನ್ನಡಿಯ ಹಿಂದೆ, ವೈಪರ್ ಒರೆಸುವ ಜಾಗದಲ್ಲೇ ಅಂಟಿಸಿ. ಮಲೆನಾಡಿನ ಮಳೆಯಲ್ಲಿ ಅದರಾಚೆ ಇಟ್ಟ ಕ್ಯಾಮೆರಾಕ್ಕೆ ಕಾಣುವುದು ಬರೀ ನೀರು. ಏನಾದರೂ ಆದರೆ ತಕ್ಷಣ ಕಾರ್ಡ್ ತೆಗೆದಿಡಿ, ಓಡಿಸುತ್ತಲೇ ಇದ್ದರೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಇಂಥ ವಿಡಿಯೊ ಜೊತೆ ಪ್ರಮಾಣಪತ್ರವೂ ಕೊಡಬೇಕೆಂದಿದೆ. ಆದ್ದರಿಂದ ಮೂಲ ಕಾರ್ಡ್ ಜೋಪಾನ.

ಅಂಗಡಿಗಳವರಲ್ಲಿ ನನ್ನ ಕೋರಿಕೆ ಒಂದೇ. ಕವರ್ ಮುಚ್ಚುವ ಮೊದಲು ಗಿರಾಕಿಯನ್ನು ಕರೆದು ತಂತಿಯ ದಾರಿ ತೋರಿಸಿ. ಗಿರಾಕಿಗಳೂ ಸುಮ್ನೆ ದುಡ್ಡು ಕೊಟ್ಟು ಬರಬೇಡಿ, ತೋರಿಸಿ ಅಂತ ಕೇಳಿ.

ನಾನು ತಂತಿ ಬಿಚ್ಚಿ ಸರಿಯಾಗಿ ಎಳೆದ ಮೇಲೆ ಅದೇ ಅಂಗಡಿಗೆ ಹೋಗಿದ್ದೆ, ಜಗಳಕ್ಕಲ್ಲ. ಕೆಲಸ ಮಾಡಿದ ಹುಡುಗನಿಗೆ ಇಪ್ಪತ್ತು ವರ್ಷ ಇರಬಹುದು. ಕವರ್ ಸರಿಸಿ ತೋರಿಸಿದಾಗ, "ಇದು ಏರ್‌ಬ್ಯಾಗ್ ಅಂತ ನಂಗೆ ಯಾರೂ ಹೇಳಿರ್ಲಿಲ್ಲ ಸಾರ್" ಎಂದ. ಆಮೇಲೆ ಮೊಬೈಲ್ ತೆಗೆದು, ತಂತಿ ಹಿಂದಿನಿಂದ ಇಳಿದಿರುವುದನ್ನು ಎರಡು ಫೋಟೊ ಹೊಡೆದುಕೊಂಡ.

ಇತಿ,
ನಿವೃತ್ತ ಲೈನ್‌ಮ್ಯಾನ್, ಸಕಲೇಶಪುರ